ಚಿಪ್ಪು ಬಾಳೆಹಣ್ಣಿನ ಕೆಳಗೆ ನನ್ನ ಬಿ.ಎ.

ಪದವಿ ಪ್ರಮಾಣಪತ್ರವೊಂದಕ್ಕೆ ಈ ಲೋಕದಲ್ಲಿ ಎಷ್ಟು ಶತ್ರುಗಳಿದ್ದಾರೆ ಎಂಬುದನ್ನು ನನ್ನಷ್ಟು ಕೂಲಂಕಷವಾಗಿ ಯೋಚಿಸಿದವರು ಇಡೀ ಮಂಡ್ಯ ಜಿಲ್ಲೆಯಲ್ಲಿ ಇರಲಾರರು. ಗೆದ್ದಲು, ಇಲಿ, ಸೋರುವ ಹೆಂಚು, ಒಲೆಯ ಕಿಡಿ, ಬಸ್ಸಿನ ಜೇಬುಗಳ್ಳ, ಅಂಗೈ ಬೆವರು, ಕಾಫಿ ಲೋಟದ ತಳ! ಎಲ್ಲಕ್ಕೂ ನಾನು ಪ್ರತ್ಯೇಕ ಏರ್ಪಾಡು ಮಾಡಿದ್ದೆ. ಗೆದ್ದಲಿಗೆ ಬೇವಿನೆಲೆ. ಇಲಿಗೆ ಕಬ್ಬಿಣದ ಟ್ರಂಕು. ಮಳೆಗೆ ಪ್ಲಾಸ್ಟಿಕ್ ಕವರು. ಬೆವರಿಗೆ ಕರ್ಚೀಫು. ಜೇಬುಗಳ್ಳನಿಗೆ ಬನಿಯನ್ನಿನ ಒಳಗೆ ಸೇಫ್ಟಿ ಪಿನ್ನು ಹಾಕಿದ ಒಂದು ಗುಪ್ತ ಚೀಲ.

ಪಟ್ಟಿಯಲ್ಲಿ ಕೋತಿಯೊಂದು ಬಿಟ್ಟುಹೋಯಿತು.

ಶ್ರೀರಂಗಪಟ್ಟಣದ ಕೋಟೆಯೊಳಗೆ ಬಾಡಿಗೆಗಿದ್ದುಕೊಂಡು ಕೋತಿಯನ್ನು ಮರೆತವನನ್ನು ಪದವೀಧರ ಎಂದು ಕರೆಯಬಹುದೇ ಎಂಬುದನ್ನು ಓದುಗರೇ ತೀರ್ಮಾನಿಸಲಿ.

ಇದು ತೊಂಬತ್ತರ ದಶಕದ ಮಾತು. ಹೆಂಚಿನ ಮನೆಗಳ ಮೇಲೆಲ್ಲ ದೂರದರ್ಶನದ ಆಂಟೆನಾ ನಿಂತಿದ್ದ ಕಾಲ. ನಾನಾಗ ಒಂದು ಸರ್ಕಾರಿ ಕಚೇರಿಯಲ್ಲಿ ದಿನಗೂಲಿ ಗುಮಾಸ್ತ. ಮನೆಯ ಬಾಗಿಲಿಗೆ "ಬೋರೇಗೌಡ, ಬಿ.ಎ." ಎಂದು ಬೋರ್ಡು ಹಾಕಿಸಿದ್ದೆ. ಹೆಸರಿಗಿಂತ 'ಬಿ.ಎ.' ಅಕ್ಷರಗಳು ಒಂದು ಸುತ್ತು ದೊಡ್ಡವು. ಅದು ಪೇಂಟರನ ತಪ್ಪೆಂದು ಕೇಳಿದವರಿಗೆಲ್ಲ ಹೇಳುತ್ತಿದ್ದೆ. ಪೇಂಟರನಿಗೆ ಅಳತೆ ಬರೆದುಕೊಟ್ಟವನು ನಾನೇ.

ದೊಡ್ಡದಾಗಿ ಬರೆಸುವುದಕ್ಕೆ ಕಾರಣವೂ ಇತ್ತು. ಬೂಕನಕೆರೆ ಪಕ್ಕದ ನಲವತ್ತು ಮನೆಯ ಹಳ್ಳಿ ನಮ್ಮದು. ನಮ್ಮ ವಂಶದಲ್ಲಿ ನನಗಿಂತ ಮೊದಲು ಎಲ್ಲರದೂ ಹೆಬ್ಬೆಟ್ಟು. ಅವ್ವ ಚಿಕ್ಕತಾಯಮ್ಮ ಎರಡು ಎಮ್ಮೆ ಕಟ್ಟಿಕೊಂಡು, ಡೇರಿಗೆ ಹಾಲು ಹಾಕಿ, ನನ್ನನ್ನು ಕೆ.ಆರ್. ಪೇಟೆಯ ಕಾಲೇಜಿನವರೆಗೆ ದಬ್ಬಿದಳು. ಅಲ್ಲಿ ಇಂಗ್ಲಿಷಿನಲ್ಲಿ ನಾನು ಎರಡು ಸಲ ಬಿದ್ದೆ. ಊರಿನವರು ಕೇಳಿದರೆ ಅವ್ವ ತಲೆ ತಗ್ಗಿಸಲಿಲ್ಲ. "ನಮ್ಮುಡ್ಗ ಒಂದೇ ಪಾಠವ ಮೂರ್ ಮೂರ್ ಸಲ ಓದ್ತಾವ್ನೆ ಕಣಕ್ಕ, ಗಟ್ಟಿ ಆಗ್ಲಿ ಅಂತ" ಎನ್ನುತ್ತಿದ್ದಳು. ಮೂರನೆಯ ಸಲಕ್ಕೆ ಗಟ್ಟಿಯಾಯಿತು. ದಪ್ಪ ಕಾಗದದ ಮೇಲೆ ವಿಶ್ವವಿದ್ಯಾನಿಲಯದ ಮೊಹರಿನೊಂದಿಗೆ ಬಂದ ಆ ಪ್ರಮಾಣಪತ್ರವನ್ನು ಅವ್ವ ಎರಡೂ ಕೈಯಲ್ಲಿ ಹಿಡಿದು, ಕಣ್ಣಿಗೊತ್ತಿಕೊಂಡು, ತಲೆಕೆಳಗಾಗಿ ನೋಡಿ, "ಚೆಂದಾಗಿ ಬರ್ದವ್ರೆ" ಎಂದಿದ್ದಳು.

ಇಂಥ ನನಗೆ ಕೊನೆಗೂ ಕೆಲಸ ಕಾಯಂ ಆಗುವ ಕಾಗದ ಬಂತು. ಪಾಂಡವಪುರದ ಕಚೇರಿಗೆ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಮೂಲ ಪದವಿ ಪ್ರಮಾಣಪತ್ರದೊಂದಿಗೆ ಖುದ್ದು ಹಾಜರಾಗತಕ್ಕದ್ದು. ತಪ್ಪಿದಲ್ಲಿ ತಮ್ಮ ಹೆಸರನ್ನು ಕೈಬಿಟ್ಟು ಪಟ್ಟಿಯಲ್ಲಿನ ಮುಂದಿನ ಅಭ್ಯರ್ಥಿಯನ್ನು ಪರಿಗಣಿಸಲಾಗುವುದು.

ಮುಂದಿನ ಅಭ್ಯರ್ಥಿ ನಾಗಮಂಗಲದವನು. ಅವನನ್ನು ನಾನು ಕಂಡಿರಲಿಲ್ಲ. ಆದರೂ ಹದಿನೈದು ದಿನದಿಂದ ಊಟ ಮಾಡುವಾಗ ನನ್ನ ಎದುರಿನ ಮಣೆಯಲ್ಲಿ ಅವನೇ ಕೂತಂತೆ ಅನಿಸುತ್ತಿತ್ತು. ಕಾಗದ ಕಳೆದುಹೋದರೆ ನಕಲು ಸಿಗುತ್ತದೆ, ನಿಜ. ಅದಕ್ಕೆ ಪೊಲೀಸ್ ದೂರು, ಪ್ರಮಾಣಪತ್ರ ಕಳೆದಿದೆ ಎಂಬುದಕ್ಕೆ ಇನ್ನೊಂದು ಪ್ರಮಾಣಪತ್ರ, ಪೇಪರಿನಲ್ಲಿ ಪ್ರಕಟಣೆ, ಆಮೇಲೆ ತಿಂಗಳುಗಟ್ಟಲೆ ಅಲೆದಾಟ. ಅಷ್ಟರಲ್ಲಿ ನಾಗಮಂಗಲದವನಿಗೆ ಕೆಲಸ ಕಾಯಂ ಆಗಿ, ಮದುವೆಯಾಗಿ, ಮಗುವೂ ಆಗಿರುತ್ತದೆ.

ಇನ್ನು ನಮ್ಮ ಊರಿನ ಕೋತಿಗಳ ವಿಷಯ. ಕೋಟೆಯೊಳಗಿನ ಜನಕ್ಕೂ ಕೋತಿಗಳಿಗೂ ಯಾವ ಕಾಲದಲ್ಲೋ ಒಂದು ಒಪ್ಪಂದವಾಗಿದೆ. ಬೆಳಿಗ್ಗೆ ಅವು ದೇವಸ್ಥಾನದ ಬಾಗಿಲಲ್ಲಿ ತೆಂಗಿನಕಾಯಿ ಚೂರು ತಿನ್ನುತ್ತವೆ. ಎಂಟು ಗಂಟೆಗೆ ನಮ್ಮ ಬೀದಿ. ಹತ್ತಕ್ಕೆ ಬಸ್‌ಸ್ಟ್ಯಾಂಡು. ಮಧ್ಯಾಹ್ನ ಕೋಟೆ ಗೋಡೆಯ ಅರಳಿಮರದಲ್ಲಿ ವಿಶ್ರಾಂತಿ. ಸಮಯಪಾಲನೆಯಲ್ಲಿ ನಮ್ಮ ಕಚೇರಿಯವರು ಅವುಗಳಿಂದ ಕಲಿಯಬೇಕು. ಎಂಟು ಗಂಟೆಯಾಯಿತೆಂದರೆ ಹೆಂಗಸರು ಸಂಡಿಗೆ ಒಳಗಿಡುತ್ತಾರೆ, ಬಾಗಿಲು ಮುಂದೆ ಮಾಡುತ್ತಾರೆ. ಪ್ರತಿ ಮನೆಯಲ್ಲೂ ಒಂದು ರಬ್ಬರ್ ಬಿಲ್ಲು ಮೊಳೆಗೆ ನೇತಾಡುತ್ತದೆ. ಅದನ್ನು ತೋರಿಸಬೇಕು, ಹೊಡೆಯಬಾರದು. ಅವು ಹೆದರಿದಂತೆ ಮಾಡುತ್ತವೆ, ನಾವು ಹೊಡೆಯುವಂತೆ ಮಾಡುತ್ತೇವೆ. ಕಲ್ಲು ತಗುಲಿಸಿದವನಿಗೆ ಬೀದಿಯಲ್ಲಿ ಯಾರೂ ಮೊಸರಿನ ಹೆಪ್ಪು ಕೂಡ ಕೊಡುವುದಿಲ್ಲ. ಆಂಜನೇಯನಿಗೆ ಹೊಡೆದ ಹಾಗೆ.

ಈ ಬೀದಿಗೆ ಬಂದು ಎಂಟು ತಿಂಗಳಾಗಿದ್ದ ನನಗೂ ಇದೆಲ್ಲ ಗೊತ್ತಿತ್ತು. ಆ ದಿನ ಒಂದು ದಿನ ಮರೆತೆ. ಅಷ್ಟೇ.

ಸೋಮವಾರ ಏಳೂವರೆಗೆ ನಾನು ಸ್ನಾನ ಮುಗಿಸಿ, ಇಸ್ತ್ರಿ ಪ್ಯಾಂಟು ಹಾಕಿ, ಟ್ರಂಕಿನಿಂದ ಬಿ.ಎ. ತೆಗೆದೆ. ಅವ್ವ ಅಡ್ಡ ಬಂದು ನಿಂತಳು.

"ಲೇ ಬೋರ, ಕಾಗ್ದಕ್ಕೆ ಒಂದ್ ಗಂದದ ಕಡ್ಡಿ ಹಚ್ಚಿ ಕೈ ಮುಗ್ದು ತಕ್ಕೊಂಡೋಗ್ಲಾ."

"ಅವ್ವಾ, ಅದು ಕಾಗದ. ಟ್ರಾಕ್ಟರಲ್ಲ, ಪೂಜೆ ಮಾಡೋಕೆ."

"ನೇಗ್ಲು ಉಳುದ್ರೆ ನೇಗ್ಲಿಗೆ ಮಾಡಕಿಲ್ವಾ? ಎಮ್ಮೆ ಕರುದ್ರೆ ಎಮ್ಮೆಗೆ ಮಾಡಕಿಲ್ವಾ? ನಿಂಗೆ ಅನ್ನ ಇಕ್ಕೋದು ಇದೇ ತಾನೇ? ಇದುಕ್ಕೆ ಯಾಕ್ಲಾ ಬ್ಯಾಡ?"

ಪದವೀಧರನಿಗೆ ತಕ್ಕ ಔದಾರ್ಯದಿಂದ "ಐದೇ ನಿಮಿಷ" ಎಂದು ಅಪ್ಪಣೆ ಕೊಟ್ಟೆ. ಹಿತ್ತಿಲಿನ ತುಳಸಿಕಟ್ಟೆಯ ಮುಂದೆ ಅವ್ವ ಮಣೆ ಹಾಕಿ, ಕವರಿನಲ್ಲಿದ್ದ ಪ್ರಮಾಣಪತ್ರವನ್ನು ಮಲಗಿಸಿ, ಮೂಲೆಗೆ ಗಂಧ ಕುಂಕುಮ ಹಚ್ಚಿ, ಪಕ್ಕದಲ್ಲಿ ಒಂದು ಚಿಪ್ಪು ಬಾಳೆಹಣ್ಣು ಇಟ್ಟಳು. ಇಲ್ಲಿಯವರೆಗೆ ಯಾರದೂ ತಪ್ಪಿಲ್ಲ.

ಆಗ ಹೊಳೆಯ ಕಡೆಯಿಂದ ಗಾಳಿ ಬೀಸಿತು. ಬಿ.ಎ. ಮಣೆಯ ಮೇಲೆ ಪಟಪಟ ಎಂದಿತು. ನನ್ನ ಎದೆಯೂ ಪಟಪಟ ಎಂದಿತು. ನನ್ನ ಪಟ್ಟಿಯಲ್ಲಿ ಗಾಳಿಯೂ ಇರಲಿಲ್ಲವಲ್ಲ!

"ಒಂದು ಕಲ್ಲಿಡಿ ರೀ" ಎಂದಳು ನನ್ನ ಹೆಂಡತಿ ಸುಶೀಲ, ಅಡುಗೆಮನೆಯ ಬಾಗಿಲಿಂದ. ಹೊಸಹೊಳಲಿನವಳು, ಕಡಿಮೆ ಮಾತು, ಹೆಚ್ಚು ಬುದ್ಧಿ.

"ಕಲ್ಲು? ಸರಸ್ವತಿಯ ಮೇಲೆ ಕಲ್ಲು ಹೇರುತ್ತಾರೆಯೇ? ಗೀರು ಬಿದ್ದರೆ ಯಾರು ಹೊಣೆ?"

ನಾನು ಸುತ್ತ ನೋಡಿದೆ. ಭಾರವಾಗಿದ್ದು, ಮೆತ್ತಗಿದ್ದು, ಮಂಗಳಕರವಾದ ವಸ್ತು ಯಾವುದು? ಬಾಳೆಹಣ್ಣಿನ ಚಿಪ್ಪನ್ನು ಎತ್ತಿ ಬಿ.ಎ. ಮೇಲೆ ಇಟ್ಟೆ. ಅದು ಜಾರಿದರೆ? ಅವ್ವ ಪೂಜೆಗೆ ತಂದಿದ್ದ ಹೂವಿನ ದಂಡೆಯನ್ನು ತೆಗೆದು ಚಿಪ್ಪನ್ನೂ ಕವರನ್ನೂ ಸೇರಿಸಿ ಎರಡು ಸುತ್ತು ಕಟ್ಟಿ, ಬಿಗಿಯಾಗಿ ಗಂಟು ಹಾಕಿದೆ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ಭದ್ರ! ವಿಶ್ವವಿದ್ಯಾನಿಲಯದವರು ಕೂಡ ಅದನ್ನು ಅಷ್ಟು ಭದ್ರವಾಗಿ ಕಳಿಸಿರಲಿಲ್ಲ.

ದೇವಸ್ಥಾನದ ಕಡೆಯಿಂದ ಗಂಟೆ ಕೇಳಿಸಿತು. ಎಂಟು.

ಗೋಡೆಯ ಮೇಲಿಂದ ಒಂದು ಗಂಡುಕೋತಿ ಇಳಿಯಿತು. ಎಡಗಿವಿ ಹರಿದದ್ದು, ಬೀದಿಯವರೆಲ್ಲ ಅದನ್ನು ಕಿವಿಹರುಕ ಎನ್ನುತ್ತಿದ್ದರು. ಅವಸರವೇನೂ ಇರಲಿಲ್ಲ. ಮಣೆಯ ಬಳಿ ಬಂತು, ಚಿಪ್ಪು ಎತ್ತಿಕೊಂಡಿತು, ಹೊರಟಿತು. ಚಿಪ್ಪಿನ ಹಿಂದೆ ನನ್ನ ಬಿ.ಎ. ಕೂಡ ಹೊರಟಿತು. ಎರಡು ಸುತ್ತು ಕಟ್ಟಿದ್ದೆನಲ್ಲ! ಗಂಟು ಬಿಚ್ಚಲಿಲ್ಲ.

ನನಗೆ ತಿಳಿಯದಂತೆ ಬಾಯಿಂದ ಇಂಗ್ಲಿಷ್ ಬಂತು. "ಸ್ಟಾಪ್! ಡ್ರಾಪ್ ಇಟ್! ಡ್ರಾಪ್ ಇಟ್ ಐ ಸೇ!"

"ಅದುಕ್ಕೆ ಇಂಗ್ಲಿಷ್ ಬತ್ತದೇನ್ಲಾ?" ಎಂದಳು ಅವ್ವ.

ಬರುತ್ತಿರಲಿಲ್ಲವೆಂದು ಕಾಣುತ್ತದೆ. ಗೋಡೆ ಹತ್ತಿ, ಪಕ್ಕದ ಮನೆಯ ನಂಜಮ್ಮನವರ ಹೆಂಚಿನ ಮಾಡಿನ ತುದಿಗೆ ಹೋಗಿ, ಆಂಟೆನಾ ಕಂಬಕ್ಕೆ ಬೆನ್ನು ಕೊಟ್ಟು, ಬಿ.ಎ. ಯನ್ನು ತೊಡೆಯ ಮೇಲಿಟ್ಟುಕೊಂಡು ಅದು ಬಾಳೆಹಣ್ಣು ಸುಲಿಯತೊಡಗಿತು.

ನಾನು ಕಲ್ಲಿಗೆ ಬಗ್ಗಿದೆ. ಅಷ್ಟು ಹೊತ್ತು ಕಾಣಿಸದಿದ್ದ ಬೀದಿಯ ಜನವೆಲ್ಲ ಆ ಕ್ಷಣಕ್ಕೆ ಸರಿಯಾಗಿ ಪ್ರತ್ಯಕ್ಷರಾದರು.

"ಕಲ್ಲು ಬುಡ್ಲಾ! ಆಂಜನೇಯಪ್ಪುಂಗೆ ಒಡೀತಿಯೇನ್ಲಾ?"

"ನನ್ನ ಬಿ.ಎ. ಕಣ್ರಪ್ಪ!"

"ನಿನ್ ಬಿ.ಎ. ಆದ್ರೇನು, ನಿಮ್ಮಪ್ಪುಂದು ಆದ್ರೇನು, ಕಲ್ಲು ಬುಡು."

ಬಿಟ್ಟೆ. ಮೂಲೆಯ ಸೈಕಲ್ ಶಾಪಿನ ಖಲೀಲ್ ಸಾಬರು ಕೈ ಒರೆಸಿಕೊಳ್ಳುತ್ತ ಬಂದು, ತಲೆಯೆತ್ತಿ ಪರಿಸ್ಥಿತಿಯನ್ನು ಅವಲೋಕಿಸಿದರು. "ಅರೆ ಬೋರೇಗೌಡ್ರೆ, ಗಾಬ್ರಿ ಯಾಕೆ? ಬೇರೆ ಏನಾರ ತೋರ್ಸಿ. ಅದು ತಗೊಳ್ಳೋಕೆ ಇದು ಬಿಡ್ತದೆ. ಆರಾಮ್ಸೆ."

ಸಲಹೆ ತರ್ಕಬದ್ಧವಾಗಿತ್ತು. ನಾನು ಒಳಗೆ ಓಡಿ ನನ್ನ ಮಧ್ಯಾಹ್ನದ ಊಟದ ಡಬ್ಬಿ ತಂದು, ಮುಚ್ಚಳ ತೆಗೆದು, ಗೋಡೆಯ ಮೇಲಿಟ್ಟು, ವಿನಯದಿಂದ ಹಿಂದೆ ಸರಿದೆ. ಸುಶೀಲ ಬೆಳಗಿನ ಜಾವ ಎದ್ದು ಮಾಡಿದ್ದ ಒಬ್ಬಟ್ಟು. ಕಿವಿಹರುಕ ಇಳಿದು ಬಂತು. ಒಂದು ಕೈಯಲ್ಲಿ ಬಿ.ಎ., ಇನ್ನೊಂದರಲ್ಲಿ ಉಳಿದ ಹಣ್ಣು. ಡಬ್ಬಿಯನ್ನು ಕಾಲಲ್ಲಿ ಎತ್ತಿಕೊಂಡು ಮತ್ತೆ ಮಾಡಿಗೆ ಹೋಯಿತು! ಕೋತಿಯ ಕಾಲೂ ಕೈಯ ಕೆಲಸ ಮಾಡುತ್ತದೆ ಎಂದು ನನಗೆ ತಿಳಿದಿರಲಿಲ್ಲ. ನಾನು ಕಲಾ ವಿಭಾಗದವನು.

ಒಬ್ಬಟ್ಟಿನ ವಾಸನೆಗೆ ಉಳಿದ ಕೋತಿಗಳೂ ಬಂದವು. ಹದಿನಾರು ಎಣಿಸಿದೆ, ಆಮೇಲೆ ಎಣಿಸುವ ಧೈರ್ಯವಾಗಲಿಲ್ಲ.

ಗಂಟೆ ಎಂಟೂವರೆ. ಪಾಂಡವಪುರದ ಬಸ್ಸು ಒಂಬತ್ತೂವರೆಗೆ. ನಾಗಮಂಗಲದವನು ಈಗ ತಲೆ ಬಾಚಿಕೊಳ್ಳುತ್ತಿರಬೇಕು.

ಆಗ ನನಗೊಂದು ಸಿದ್ಧಾಂತ ಹೊಳೆಯಿತು. ಕೋತಿ ಮನುಷ್ಯನನ್ನು ಅನುಕರಿಸುತ್ತದೆ. ಆದ್ದರಿಂದ ನಾನು ಒಂದು ಕಾಗದವನ್ನು ನೆಲಕ್ಕೆ ಎಸೆದರೆ ಅದೂ ಎಸೆಯಬೇಕು. ಫೈಲಿನಿಂದ ಪ್ರಮಾಣಪತ್ರದ ಜೆರಾಕ್ಸ್ ತೆಗೆದೆ. ಗೆಜೆಟೆಡ್ ಅಧಿಕಾರಿಯೊಬ್ಬರ ಮನೆ ಮುಂದೆ ಮೂರು ಭಾನುವಾರ ಕಾದು ಸಹಿ ಮಾಡಿಸಿದ ಪ್ರತಿ ಅದು. ಕಿವಿಹರುಕನ ಕಣ್ಣಲ್ಲಿ ಕಣ್ಣಿಟ್ಟು, ಕಾಗದವನ್ನು ಮೂರು ಸಲ ಮೇಲೆತ್ತಿ, ನಾಟಕದವರ ಹಾಗೆ ಧೊಪ್ಪನೆ ನೆಲಕ್ಕೆಸೆದೆ.

ಒಂದು ಮರಿಕೋತಿ ಬಂದು ಜೆರಾಕ್ಸನ್ನೂ ಎತ್ತಿಕೊಂಡು ಹೋಯಿತು.

"ಇನ್ನೊಂದ್ ಅದಾ ಬೋರಣ್ಣ? ಅಗೋ ಆ ಹೆಣ್ಣುಕೋತಿಗೆ ಇನ್ನೂ ಸಿಕ್ಕಿಲ್ಲ" ಎಂದ ಜನರ ನಡುವಿನಿಂದ ಒಬ್ಬ.

ಸಿದ್ಧಾಂತ ಸೋತಾಗ ಸಾಹಸ ಮಾಡಬೇಕಾಗುತ್ತದೆ. ನಾನು ಗೋಡೆ ಹತ್ತಿ ನಂಜಮ್ಮನವರ ಮಾಡಿಗೆ ಕಾಲಿಟ್ಟೆ. "ನಾಡಹೆಂಚು ಕಣ್ರೀ, ಹಳೇದು!" ಎಂದು ಸುಶೀಲ ಕೂಗಿದಳು. ನಾನು ತಿರುಗಿ "ನನಗೆ ಗೊತ್ತು!" ಎಂದೆ. ನನಗೆ ಗೊತ್ತು ಎಂಬ ಮಾತು ಮುಗಿಯುವ ಮೊದಲೇ ಹೆಂಚು ಮುಗಿಯಿತು. ಬಲಗಾಲು ತೊಡೆಯವರೆಗೂ ಒಳಗೆ ಹೋಯಿತು. ಉಳಿದ ನಾನು ಮೇಲೆ.

ಕೆಳಗೆ ನಂಜಮ್ಮನವರ ಅಡುಗೆಮನೆ. ಅಲ್ಲಿಂದ ನನ್ನ ಕಾಲನ್ನು ಉದ್ದೇಶಿಸಿ ಅವರ ದನಿ ಬಂತು.

"ಯಾರ್ದಯ್ಯ ಇದು ಕಾಲು?"

"ನಂದೇ ನಂಜಮ್ಮನೋರೆ. ಬೋರೇಗೌಡ."

"ಯಾವ್ ಬೋರೇಗೌಡ? ಬಿ.ಎ. ಬೋರೇಗೌಡ್ನಾ?"

ನನ್ನ ಜೀವನದಲ್ಲಿ ಮೊದಲ ಬಾರಿಗೆ ಆ ಎರಡಕ್ಷರ ನನಗೆ ಬೇಡವಾಗಿತ್ತು. "ಹೌದು" ಎಂದೆ.

"ಒಸಿ ಅಳ್ಳಾಡ್ಬೇಡ ಕಣಪ್ಪ. ಕೆಳ್ಗೇ ಬಸ್ಸಾರು ಕುದೀತಾ ಅದೆ."

ಖಲೀಲ್ ಸಾಬರು, ಇನ್ನಿಬ್ಬರು ಸೇರಿ ನನ್ನನ್ನು ಮೂಲಂಗಿಯ ಹಾಗೆ ಮೇಲಕ್ಕೆ ಕಿತ್ತರು. ಪ್ಯಾಂಟಿನ ಬಲಗಾಲು ಮಸಿಯಾಗಿ, ಮೊಣಕಾಲ ಬಳಿ ಒಂದು ಬಾಯಿ ಬಿಟ್ಟಿತ್ತು. ಮಾಡಿನ ಮೇಲೆ ನನ್ನ ತೊಡೆಯ ಅಳತೆಯ ಒಂದು ರಂಧ್ರ ಶಾಶ್ವತವಾಗಿ ಉಳಿಯಿತು.

ಈ ಗಲಾಟೆಯಲ್ಲಿ ಕಿವಿಹರುಕ ಒಬ್ಬಟ್ಟು ಮುಗಿಸಿ, ಹಣ್ಣು ಮುಗಿಸಿ, ಹೂವಿನ ದಂಡೆ ಮುಗಿಸಿ, ಈಗ ಕವರಿಗೆ ಬಂದಿತ್ತು. ಉಗುರಿನಲ್ಲಿ ಪ್ಲಾಸ್ಟಿಕ್ ಬಿಡಿಸಿ ಕಾಗದ ಹೊರಗೆಳೆಯಿತು. ಮುಂದೆ ನೋಡಿತು. ಹಿಂದೆ ನೋಡಿತು. ಬಿಸಿಲಿಗೆ ಹಿಡಿದು ಮೊಹರು ನೋಡಿತು.

"ಓದ್ತಾ ಅದೆ ಕಣ್ಲಾ!"

"ಕ್ಲಾಸ್ ಯಾವ್ದು ಅಂತ ನೋಡ್ತಾ ಅದೆ."

"ಅದ್ಕೂ ನಂಬ್ಕೆ ಬಂದಿಲ್ಲ ಕನಾ, ನೋಡು ಮೊಖವ."

ಜನ ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಸತ್ಯ ಹೇಳಬೇಕೆಂದರೆ ಕಣ್ಣಲ್ಲಿ ನೀರು ಬಂದಿತ್ತು. ಕೋತಿ ಬಾಯಿಗೆ ಹತ್ತಿರ ತಂದದ್ದು ಬರೀ ಕಾಗದವಲ್ಲ. ಬೂಕನಕೆರೆ ಶಾಲೆಗೆ ಬರಿಗಾಲಲ್ಲಿ ನಡೆದ ದಾರಿ, ಸೆಗಣಿ ಕೈ ತೊಳೆದುಕೊಂಡು ಅವ್ವ ಅರ್ಜಿಗೆ ಒತ್ತಿದ ಹೆಬ್ಬೆಟ್ಟು, ಮೂರು ಸಲದ ಇಂಗ್ಲಿಷು, ಎಲ್ಲವೂ ಆ ಹಳದಿ ಹಲ್ಲಿನ ಮುಂದೆ ಇತ್ತು.

ಕಿವಿಹರುಕ ಕಾಗದದ ಒಂದು ಮೂಲೆಯನ್ನು ಬಾಯಿಗಿಟ್ಟು ಕಚ್ಚಿತು.

ನಾನು ಕೂಗಿದ ಕೂಗು ಹೊಳೆಯಾಚೆಗೂ ಕೇಳಿಸಿತಂತೆ.

ಅಲ್ಲಿಯವರೆಗೆ ತುಳಸಿಕಟ್ಟೆಯ ಬಳಿ ಕೂತು ಎಲ್ಲವನ್ನೂ ನೋಡುತ್ತಿದ್ದ ಅವ್ವ ಈಗ ಎದ್ದಳು. ಸೆರಗು ಸಿಕ್ಕಿಸಿದಳು. ಎಮ್ಮೆ ಮಾತು ಕೇಳದಿದ್ದಾಗ ಬರುತ್ತಿದ್ದ ದನಿ ಬಂತು.

"ಎಲ್ಲಾರೂ ಒಳೀಕ್ ನಡೀರಿ. ಒಬ್ರೂ ಆಚೆ ಇರ್ಬಾರ್ದು."

"ಯಾಕವ್ವ?" ಎಂದೆ.

"ನಾಯಿಮರಿ ಎಕ್ಕಡ ಕಚ್ಕೊಂಡೋದ್ರೆ ಅಟ್ಟುಸ್ಕೊಂಡೋಗಿ ಈಸ್ಕೊಂಡೋರ್ನ ಕಂಡಿದ್ದೀಯೇನ್ಲಾ? ಇಷ್ಟ್ ಜನ ಬಾಯ್ ಬುಟ್ಕೊಂಡು ನೋಡ್ತಾ ನಿಂತ್ರೆ ಅದು ಏನಂದ್ಕೊಂಡದು? ಓಹೋ, ಇದು ಭಾರಿ ವಸ್ತುನೇ ಇರ್ಬೇಕು ಅಂದ್ಕತದೆ. ಯಾರ್ಗೂ ಬ್ಯಾಡ ಅಂದ್ರೆ ಅದುಕ್ಕೂ ಬ್ಯಾಡ. ನಡೀರಿ ಒಳೀಕೆ!"

ಬೀದಿಯ ಜನವೆಲ್ಲ ನಮ್ಮ ಎರಡು ಕೋಣೆಯ ಮನೆಯೊಳಗೆ ತುಂಬಿಕೊಂಡರು. ನಂಜಮ್ಮನವರು ಮಾತ್ರ ಸಾರು ಬಿಟ್ಟು ಬರಲಿಲ್ಲ. ಬಾಗಿಲು ಹಾಕಲಾಯಿತು. ಸುಶೀಲ ಇಷ್ಟೊಂದು ಜನಕ್ಕೆ ಕಾಫಿ ಮಾಡಬೇಕೋ ಬೇಡವೋ ಎಂಬ ಸಂದಿಗ್ಧದಲ್ಲಿ ನಿಂತಳು. ಹೊರಗೆ ಎಲ್ಲ ನಿಶ್ಶಬ್ದ.

ಕಣ್ಣಿಗೆ ಕಾಣುವ ಆತಂಕಕ್ಕಿಂತ ಕಾಣದ ಆತಂಕ ಎಷ್ಟು ದೊಡ್ಡದೆಂದು ನನಗೆ ಅಂದು ತಿಳಿಯಿತು. ಒಂದು ನಿಮಿಷ. ಎರಡು ನಿಮಿಷ. ಹೆಂಚಿನ ಮೇಲೆ ಏನೋ ಸರಸರ. ಕಚ್ಚುತ್ತಿದೆಯೇ? ಹರಿಯುತ್ತಿದೆಯೇ? ನಾನು ತಡೆಯಲಾರದೆ ಕಿಟಕಿಯನ್ನು ಒಂದೇ ಬೆರಳಿನಷ್ಟು ತೆರೆದೆ. ಕಿವಿಹರುಕ ಆಗತಾನೇ ಬಿ.ಎ. ಯನ್ನು ಹೆಂಚಿನ ಮೇಲೆ ಬಿಟ್ಟು ಎರಡು ಹೆಜ್ಜೆ ಹೊರಟಿತ್ತು. ಅದಕ್ಕೆ ನನ್ನ ಕಣ್ಣು ಕಂಡಿತು. ವಾಪಸು ಬಂದು ಎತ್ತಿಕೊಂಡಿತು!

"ಯಾವನ್ಲಾ ಅವ್ನು ನೋಡ್ದೋನು?" ಎಂದಳು ಅವ್ವ.

ಎಲ್ಲರೂ ನನ್ನನ್ನು ನೋಡಿದರು.

ಅವ್ವ ನನ್ನ ರಟ್ಟೆ ಹಿಡಿದು ಬಚ್ಚಲುಮನೆಗೆ ದಬ್ಬಿ ಹೊರಗಿನಿಂದ ಚಿಲಕ ಹಾಕಿದಳು. ಕಾಯಂ ಆಗಲಿರುವ ಸರ್ಕಾರಿ ನೌಕರ, ಪದವೀಧರ, ಬಿಸಿನೀರಿನ ಹಂಡೆಯ ಪಕ್ಕದಲ್ಲಿ ಕತ್ತಲಲ್ಲಿ ನಿಂತುಕೊಂಡೆ. ಅಲ್ಲೂ ನಾಗಮಂಗಲದವನು ಬಂದ. ಒಂಬತ್ತೂವರೆಯ ಬಸ್ಸು ಹೋದ ಹಾರ್ನ್ ಸದ್ದು ಕೇಳಿಸಿತು. ಅವನಿಗೆ ನಾನು ಮನಸ್ಸಿನಲ್ಲೇ ಶುಭಾಶಯ ಹೇಳಿದೆ.

ಎಷ್ಟು ಹೊತ್ತಾಯಿತೋ! ಇದ್ದಕ್ಕಿದ್ದಂತೆ ಹೆಂಚಿನ ಮೇಲೆ ಏನೋ ಜರ್ರನೆ ಜಾರಿದ ಸದ್ದು. ಆಮೇಲೆ ಪಕ್ಕದ ಮನೆಯಿಂದ ನಂಜಮ್ಮನವರ ದನಿ.

"ಬೋರಣ್ಣೋ! ನಿನ್ ಬಿ.ಎ. ನಮ್ ಸಾರ್ಗೆ ಬಿತ್ತು ಕಣಪ್ಪೋ!"

ಆದದ್ದಿಷ್ಟು. ಯಾರೂ ನೋಡದ ವಸ್ತುವಿನಲ್ಲಿ ಕಿವಿಹರುಕನಿಗೆ ಆಸಕ್ತಿ ಹೋಯಿತು. ಬಿಸಾಕಿತು. ಕಾಗದ ಮಾಡಿನ ಇಳಿಜಾರಿನಲ್ಲಿ ಜಾರಿಕೊಂಡು ಬಂದು, ನನ್ನ ಬಲಗಾಲು ಮಾಡಿದ್ದ ರಂಧ್ರದೊಳಗೆ ಹೊಕ್ಕು, ಬಸ್ಸಾರಿನ ಪಾತ್ರೆಯ ಬಾಯಿಗೆ ಅಡ್ಡಲಾಗಿ ಬಿತ್ತು. ಪಟ್ಟಿಯಲ್ಲಿದ್ದ ಶತ್ರುಗಳ ಪೈಕಿ ಸಾರು ಕೂಡ ಇರಲಿಲ್ಲ! ಒಂದು ಮೂಲೆ ಮುಳುಗುವಷ್ಟರಲ್ಲಿ ನಂಜಮ್ಮನವರು ಸೌಟಿನಲ್ಲಿ ಎತ್ತಿದ್ದರು. ಮೊಹರು, ನೋಂದಣಿ ಸಂಖ್ಯೆ, ನನ್ನ ಹೆಸರು ಎಲ್ಲವೂ ಇತ್ತು. ಕೆಳಗಿನ ಬಲಮೂಲೆಯಲ್ಲಿ ಹಲ್ಲಿನ ಅರ್ಧಚಂದ್ರ. ಎಡಮೂಲೆಯಲ್ಲಿ ಸಾರು.

"ತೊಳ್ದು ಕೊಡ್ಲಾ?" ಎಂದರು ನಂಜಮ್ಮನವರು. ಒಳ್ಳೆಯ ಹೆಂಗಸು.

ತೊಳೆಸಲಿಲ್ಲ. ಖಲೀಲ್ ಸಾಬರು ಮೊಪೆಡ್ ಹೊರಡಿಸಿದರು. "ಕೂತ್ಕೊಳ್ಳಿ ಗೌಡ್ರೆ, ಕಾಗ್ದ ಎರಡೂ ಕೈನಾಗೆ ಎತ್ತಿ ಹಿಡೀರಿ. ಗಾಳಿಗೆ ಒಣಗ್ತದೆ." ಹೀಗಾಗಿ ಶ್ರೀರಂಗಪಟ್ಟಣದಿಂದ ಪಾಂಡವಪುರದವರೆಗೆ, ಹರಿದ ಪ್ಯಾಂಟಿನಲ್ಲಿ, ಬಿ.ಎ. ಯನ್ನು ಬಾವುಟದಂತೆ ತಲೆಯ ಮೇಲೆ ಹಿಡಿದುಕೊಂಡು ಹೋದೆ. ಕಬ್ಬಿನ ಗಾಡಿಯವರು ದಾರಿ ಬಿಟ್ಟರು. ಕಿರಂಗೂರಿನ ಬಳಿ ಯಾರೋ ಏನೋ ಮುಷ್ಕರವೆಂದು ತಿಳಿದು ಕೈ ಎತ್ತಿ ಜೈಕಾರ ಕೂಗಿದರು. ಪದವಿಯನ್ನು ಇಷ್ಟು ಜನಕ್ಕೆ ತೋರಿಸಬೇಕೆಂದು ನಾನು ಬಹಳ ದಿನದಿಂದ ಆಸೆಪಟ್ಟಿದ್ದೆ. ಆದರೆ ಈ ರೀತಿಯಲ್ಲಲ್ಲ.

ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಕಚೇರಿಯ ಬೆಂಚಿನಲ್ಲಿ ಎಣ್ಣೆ ಹಚ್ಚಿ ಬಾಚಿದ ಒಬ್ಬ ಸಣಕಲ ಯುವಕ ಫೈಲು ತಬ್ಬಿಕೊಂಡು ಕೂತಿದ್ದ. ನನ್ನನ್ನು ಕಂಡು ಅವನ ಮುಖ ಇಳಿಯಿತು.

"ಬೋರೇಗೌಡ್ರಾ?"

"ಹೌದು."

"ಬಂದ್ಬುಟ್ರಾ?" ಎಂದ. ಪಾಪ, ಅವನ ಅವ್ವನೂ ಬೆಳಿಗ್ಗೆ ಅವನ ಕಾಗದಕ್ಕೆ ಕಡ್ಡಿ ಹಚ್ಚಿರಬೇಕು. ಕೋಣೆಯೊಳಗೆ ಬಾಳೆಹಣ್ಣು ಇಟ್ಟಿರಬೇಕು.

ಅಧಿಕಾರಿಗಳು ಪ್ರಮಾಣಪತ್ರವನ್ನು ಎರಡು ಬೆರಳಲ್ಲಿ ಹಿಡಿದರು. ಕನ್ನಡಕ ತೆಗೆದರು, ಹಾಕಿದರು.

"ಏನ್ರೀ ಇದು?"

"ಕೋತಿ, ಸಾರ್."

"ಶ್ರೀರಂಗಪಟ್ಟಣದೋರಾ?"

"ಹೌದು ಸಾರ್."

"ಹಾಗಾದ್ರೆ ಸರಿ" ಎಂದರು. ಮತ್ತೆ ಹತ್ತಿರ ತಂದು ಮೂಸಿದರು. "ಹುರುಳಿಕಾಳಾ?"

"ಇಲ್ಲ ಸಾರ್. ಅಲಸಂದೆ."

ಅವರು ಸಹಿ ಮಾಡಿದರು. ಆದರೆ ಅವರು ನಿಯಮಪಾಲಕರು. ಮುಂದೆ ಯಾರಾದರೂ ತಕರಾರು ತೆಗೆಯಬಾರದೆಂದು ನನ್ನ ಸೇವಾ ಪುಸ್ತಕದ ಮೊದಲ ಪುಟದಲ್ಲಿ, ಕೆಂಪು ಶಾಯಿಯಲ್ಲಿ, ದುಂಡಗಿನ ಅಕ್ಷರದಲ್ಲಿ ಒಂದು ಷರಾ ಬರೆಸಿದರು: "ಮೂಲ ಪದವಿ ಪತ್ರವನ್ನು ಪರಿಶೀಲಿಸಿದೆ. ಕೋತಿ ಕಚ್ಚಿರುತ್ತದೆ."

ನಂಜಮ್ಮನವರ ಮಾಡಿಗೆ ಆ ಭಾನುವಾರವೇ ಹೆಂಚು ಹೊದಿಸಿಕೊಟ್ಟೆ. ಅವ್ವ ಈಗಲೂ, ಯಾವ ಊರಿನಲ್ಲಿದ್ದರೂ, ವರ್ಷಕ್ಕೊಮ್ಮೆ ಬಿ.ಎ.ಗೆ ಕಡ್ಡಿ ಹಚ್ಚುತ್ತಾಳೆ, ಬಾಗಿಲು ಹಾಕಿಕೊಂಡು. ಭಾರಕ್ಕೆ ಕಲ್ಲು. ಕಿವಿಹರುಕನ ಹೆಸರಿನಲ್ಲಿ ಒಂದು ಹಣ್ಣನ್ನು ಮಾತ್ರ ಎಂಟು ಗಂಟೆಗೆ ಸರಿಯಾಗಿ ಗೋಡೆಯ ಮೇಲಿಡುತ್ತಾಳೆ. ಯಾಕವ್ವ ಎಂದರೆ, "ನಿನ್ ಕಾಗ್ದವ ಇಂದ್ಕು ಮುಂದ್ಕು ತಿರುಗ್ಸಿ ಅಷ್ಟ್ ನಿಗಾ ಮಾಡಿ ನೋಡ್ದೋನು ಅವ್ನೊಬ್ನೇ ಅಲ್ವೇನ್ಲಾ" ಎನ್ನುತ್ತಾಳೆ.

ಅದೂ ನಿಜವೇ. ಆಮೇಲೆ ನಾನು ನಾಲ್ಕು ಊರಿಗೆ ವರ್ಗವಾದೆ. ಯಾವ ಊರಿನಲ್ಲೂ ನನ್ನ ಬಿ.ಎ. ಯನ್ನು ಯಾರೂ ಕೇಳಲಿಲ್ಲ. ಹೊಸ ಮೇಲಧಿಕಾರಿಗಳು ಸೇವಾ ಪುಸ್ತಕ ತೆರೆಯುತ್ತಾರೆ, ಕೆಂಪು ಸಾಲು ಓದುತ್ತಾರೆ, ಪುಸ್ತಕ ಮುಚ್ಚಿ, ತಲೆಯಿಂದ ಕಾಲಿನವರೆಗೆ ನನ್ನನ್ನೇ ನಿಧಾನವಾಗಿ ನೋಡುತ್ತಾರೆ. ಎಲ್ಲಿ ಕಚ್ಚಿದೆ ಎಂದು!